ಎಂಟೂವರೆಯ ಪೆಟ್ಟಿಗೆ

ನನಗೆ ಮೂರನೇ ಸೊನ್ನೆ ಬಿದ್ದದ್ದು ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆಗೆ, ಇಡೀ ಕ್ಲಾಸಿನ ಎದುರಿಗೆ. ಗಡಿಯಾರ ಮೇಷ್ಟ್ರು ಎಂದೇ ನಾವು ಕರೆಯುವ ನಕ್ಷೆಯ ಮೇಷ್ಟ್ರು ನನ್ನ ನಂಬರು ಕೂಗಿದರು. “ಸೊನ್ನೆ” ಅಂದರು. ಕೆಂಪು ಪೆನ್ನಿನಿಂದ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ಆ ಗೆರೆಯನ್ನೂ ಸ್ಕೇಲು ಇಟ್ಟುಕೊಂಡೇ ಎಳೆದರು. ಅಷ್ಟು ಅಚ್ಚುಕಟ್ಟು ಮನುಷ್ಯ.

ಮೂರು ಸೊನ್ನೆ ಅಂದರೆ ಪಟ್ಟಿಯಿಂದ ಹೆಸರು ಹೊರಕ್ಕೆ. ಆಮೇಲೆ ಅಂತಿಮ ನಕ್ಷೆ ತೆಗೆದುಕೊಳ್ಳುವುದಿಲ್ಲ. ಅಂತಿಮ ನಕ್ಷೆ ಕೊಡದವರಿಗೆ ಪರೀಕ್ಷೆ ಇಲ್ಲ. ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯಲು ಎರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡದ್ದು ಮಣ್ಣುಪಾಲು. ಉಳಿದ ಆಯಸ್ಸೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲೇ.

“ಸಾರ್, ನಾನು ನಿನ್ನೆ ಸಾಯಂಕಾಲವೇ ಕೊಟ್ಟಿದ್ದೀನಿ” ಅಂದೆ.

“ಯಾರ ಕೈಗೆ?”

“ನಿಮ್ಮ ರೂಮಿನ ಬಾಗಿಲ ಕೆಳಗಿಂದ ಒಳಗೆ ತಳ್ಳಿದ್ದೀನಿ. ಐದು ಗಂಟೆ ಹತ್ತು ನಿಮಿಷಕ್ಕೆ.”

ಕ್ಲಾಸು ಕಿಸಕ್ಕೆಂದಿತು. ಮೇಷ್ಟ್ರು ನಗಲಿಲ್ಲ. ಅವರು ನಗುವುದಿಲ್ಲ. “ಎಂಟು ಗಂಟೆಗೆ ನಾನೇ ಬಾಗಿಲು ತೆಗೆದೆ. ನೆಲದ ಮೇಲೆ ಏನೂ ಇರಲಿಲ್ಲ. ಸುಳ್ಳು ಹೇಳುವುದಾದರೆ ಸ್ವಲ್ಪ ಯೋಚನೆ ಮಾಡಿ ಹೇಳು. ಕೂತ್ಕೋ.”

ಮೈಯೆಲ್ಲ ಉರಿದುಹೋಯಿತು. ನಾನು ಕೂರಲಿಲ್ಲ. ಹೇಳದೆ ಕೇಳದೆ ಕ್ಲಾಸಿನಿಂದ ಹೊರಗೆ ಓಡಿದೆ.

ಎಲ್ಲಿಗೆ ಓಡಿದೆ ಎನ್ನುವುದಕ್ಕೆ ಮೊದಲು ಪೆಟ್ಟಿಗೆಯ ವಿಷಯ ಹೇಳಬೇಕು. ನಮ್ಮ ಮೇಷ್ಟ್ರು ನಾವು ಮನೆಯಲ್ಲಿ ಬರೆದು ತಂದ ನಕ್ಷೆಯನ್ನು ಕೈಯಲ್ಲಿ ಮುಟ್ಟುವವರಲ್ಲ. ಕೈಗೆ ತೆಗೆದುಕೊಂಡರೆ ಪಕ್ಷಪಾತವಂತೆ. ಕೊಡಬೇಕಾದ ದಿನ ಬೆಳಿಗ್ಗೆ ಎಂಟಕ್ಕೆ ಅಟೆಂಡರ್ ಒಂದು ತಗಡಿನ ಪೆಟ್ಟಿಗೆ ತಂದು ಅವರ ರೂಮಿನ ಹೊರಗೆ ಸ್ಟೂಲಿನ ಮೇಲೆ ಇಡುತ್ತಾನೆ. ಪಕ್ಕದಲ್ಲಿ ರಿಜಿಸ್ಟರು. ನಕ್ಷೆ ಮಡಿಸಿ ಒಳಗೆ ಹಾಕಬೇಕು, ನಮ್ಮ ಕೈಯಲ್ಲೇ ಸಹಿ ಮಾಡಬೇಕು. ಗೆಳತಿಯ ಕೈಲಿ ಕಳಿಸುವ ಹಾಗಿಲ್ಲ, ಹಿಂದಿನ ದಿನ ಕೊಡುವ ಹಾಗಿಲ್ಲ. ಎಂಟೂವರೆಗೆ ಮೇಷ್ಟ್ರು ಹೊರಗೆ ಬಂದು ಪೆಟ್ಟಿಗೆಯ ಬಾಯಿಯ ಮೇಲೆ ಅಂಗೈ ಇಡುತ್ತಾರೆ. ಮುಗಿಯಿತು. ಎಂಟು ಮೂವತ್ತೊಂದಕ್ಕೆ ನೀವು ಸತ್ತು ಬದುಕಿ ಬಂದಿದ್ದರೂ ಸೊನ್ನೆ.

ನನ್ನ ಲಾಂಡ್ರಿ ಬಿಡುವುದು ಎಂಟಕ್ಕೆ.

ಆಸ್ಪತ್ರೆಯ ಲಾಂಡ್ರಿ ಎಂದರೆ ಏನೋ ಸೋಪಿನ ನೊರೆ, ಹಗ್ಗದ ಮೇಲೆ ಬಿಳಿ ಬಟ್ಟೆ ಎಂದುಕೊಳ್ಳಬೇಡಿ. ಬೆಳಿಗ್ಗೆ ಐದಕ್ಕೆ ಗಂಟುಗಳು ಬರುತ್ತವೆ. ಬಿಚ್ಚಿದ ಕೂಡಲೇ ವಾಸನೆ ಮುಖಕ್ಕೆ ಹೊಡೆಯುತ್ತದೆ. ರಕ್ತದ್ದು ಒಂದು ಕಡೆ, ಮಲದ್ದು ಒಂದು ಕಡೆ, ವಾಂತಿಯದ್ದು ಒಂದು ಕಡೆ. ಕೈಗವಸು ತೂತು. ರಕ್ತದ ಬಟ್ಟೆಗೆ ಮೊದಲು ತಣ್ಣೀರು, ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ. ಮಡಿಕೆಯಲ್ಲಿ ಸೂಜಿ ಸಿಗುತ್ತದೆ, ಹತ್ತಿ ಸಿಗುತ್ತದೆ, ಒಂದು ಸಲ ಯಾರದ್ದೋ ಹಲ್ಲು ಸಿಕ್ಕಿತ್ತು. ಆಮೇಲೆ ಬಿಸಿ ರೋಲರ್. ಎರಡು ಕಡೆ ಇಬ್ಬರು ನಿಂತು ಒದ್ದೆ ಹಾಸಿಗೆ ಬಟ್ಟೆಯನ್ನು ಅದರ ಬಾಯಿಗೆ ಕೊಡಬೇಕು. ಆಪರೇಷನ್ನಿನ ಬಟ್ಟೆ ಏಳೂವರೆಗೆ ಮೇಲೆ ಹೋಗಲೇಬೇಕು. ಹೊಟ್ಟೆ ಕೊಯ್ಯಿಸಿಕೊಳ್ಳುವವರು ಮಲಗಿ ಕಾಯುತ್ತಿರುತ್ತಾರೆ. ಮೂರು ವರ್ಷದಲ್ಲಿ ನನ್ನ ಬಟ್ಟೆ ಒಂದು ದಿನವೂ ತಡವಾಗಿಲ್ಲ. ಅದಕ್ಕೆ ಯಾವ ರಿಜಿಸ್ಟರಿನಲ್ಲೂ ಯಾರೂ ಅಂಕ ಬರೆದಿಲ್ಲ.

ಎಂಟಕ್ಕೆ ಕೆಲಸ ಬಿಟ್ಟರೆ ಗೇಟಿನಲ್ಲಿ ಸಾಲು. ಒಂದು ಚಾದರ ಕದ್ದು ಸೊಂಟಕ್ಕೆ ಸುತ್ತಿಕೊಂಡಿದ್ದೇವೋ ಏನೋ ಎಂದು ಗಾರ್ಡಮ್ಮ ಒಬ್ಬೊಬ್ಬರ ಮೈ ತಡವುತ್ತಾಳೆ. ನಲವತ್ತು ಹೆಂಗಸರು, ಅವಳೊಬ್ಬಳು. ನನ್ನ ಸರದಿ ಬರುವಾಗ ಎಂಟೂ ಇಪ್ಪತ್ತು. ಅಲ್ಲಿಂದ ಕಾಲೇಜಿಗೆ ಓಡುನಡಿಗೆಯಲ್ಲಿ ಇಪ್ಪತ್ತು ನಿಮಿಷ.

ಮೊದಲನೇ ಸೊನ್ನೆ ಎಂಟೂ ನಲವತ್ತಕ್ಕೆ. ಎರಡನೆಯದು ರೋಲರಿಗೆ ಅಂಗೈ ತಗುಲಿದ ದಿನ, ಕೈಗೆ ಬಟ್ಟೆ ಸುತ್ತಿಕೊಂಡು ಓಡಿ ಬಂದದ್ದು, ಒಂಬತ್ತಕ್ಕೆ. ಮುಂದಿನ ಬೆಂಚಿನಲ್ಲಿ ಕೂರುವ ಕನ್ನಡಕದ ಹುಡುಗಿ ಆವತ್ತು ನನಗೆ ಬುದ್ಧಿ ಹೇಳಿದಳು: “ನೀನು ಸ್ವಲ್ಪ ಬೇಗ ಎದ್ದರೆ ಆಗಲ್ವೇನೇ?” ನನಗೆ ನಗು ಬಂತು. ನಾನು ಏಳುವುದು ನಾಲ್ಕಕ್ಕೆ ಕಣೇ, ನಿನ್ನ ಎಂಟೂವರೆ ನನಗೆ ಮಧ್ಯಾಹ್ನ ಎಂದೆ. ಅವಳು ಕನ್ನಡಕ ಸರಿಮಾಡಿಕೊಂಡಳು.

ಮೇಷ್ಟ್ರ ಹತ್ತಿರ ಹೋಗಿ ನ್ಯಾಯ ಕೇಳಿದ್ದೆ. ಸುಟ್ಟ ಕೈ ತೋರಿಸಿದ್ದೆ. ಅವರು ನನ್ನ ಕೈ ನೋಡಲಿಲ್ಲ, ಗೋಡೆ ನೋಡಿದರು.

“ಕಷ್ಟ ನಿನಗೊಬ್ಬಳಿಗೇನಾ? ನಾನೂ ಹೋಟೆಲಿನಲ್ಲಿ ಲೋಟ ತೊಳೆದು ಓದಿದವನು. ನನಗೆ ಯಾರೂ ಐದು ನಿಮಿಷ ಬಿಟ್ಟುಕೊಡಲಿಲ್ಲ.”

“ಬಿಟ್ಟುಕೊಡಬೇಕಿತ್ತು ಸಾರ್” ಅಂದೆ.

ಒಂದು ಗಳಿಗೆ ಅವರ ಮುಖ ಏನೋ ಒಂಥರಾ ಆಯಿತು. ಮರುಗಳಿಗೆಗೆ ಮೂಗಿನ ತುದಿಗೆ ಸಿಟ್ಟು. “ವಾದ ಮಾಡಬೇಡ! ಎಂಟೂವರೆ ಒಳಗೆ ನಕ್ಷೆ ನನ್ನ ರೂಮಿನಲ್ಲಿರಬೇಕು. ಅದು ಹೇಗೆ ಬರುತ್ತೋ ನಿನ್ನ ಹಣೆಬರಹ. ಸಹಿ ಬೇಕಾದರೆ ಆಮೇಲೆ ಹಾಕು.”

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ರೂಮಿನಲ್ಲಿರಬೇಕು ತಾನೇ? ಇರುತ್ತದೆ.

ಆ ಸಲದ ನಕ್ಷೆ, ಯಾವುದಾದರೂ ಕಟ್ಟಡದ ಒಳಚರಂಡಿ. ಅಳೆದು ಬರೆಯಬೇಕು. ಮಿಕ್ಕವರು ಪುಸ್ತಕದ ಚಿತ್ರವನ್ನೇ ಒಂದಷ್ಟು ಹಿಗ್ಗಿಸಿ ಕುಗ್ಗಿಸಿ ಬರೆದರು. ನಾನು ಕಾಲೇಜಿನದನ್ನೇ ಬರೆದೆ. ಯಾಕೆಂದರೆ ಕಾಲೇಜಿನ ನೆಲಮಹಡಿಯ ಕಕ್ಕಸುಗಳನ್ನು ಹನ್ನೊಂದು ವರ್ಷದಿಂದ ತೊಳೆಯುತ್ತಿರುವವಳು ನನ್ನಮ್ಮ.

ಇದು ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಸೇರಿದ ದಿನವೇ ಅಮ್ಮ ಕಟ್ಟಪ್ಪಣೆ ಮಾಡಿದ್ದಳು. “ನೋಡು, ಆ ಗೇಟು ದಾಟಿದ ಮೇಲೆ ನಾನು ಯಾರೋ ನೀನು ಯಾರೋ. ನನ್ನ ಕಡೆ ತಿರುಗಿ ನೋಡಿದೆ ಅಂದರೆ ಕಾಲು ಮುರಿತೀನಿ.” ಎರಡು ವರ್ಷ ನಾನು ನನ್ನ ಹೆತ್ತ ತಾಯಿಯ ಪಕ್ಕದಲ್ಲೇ ಪುಸ್ತಕ ಹಿಡಿದು ಹಾದುಹೋಗಿದ್ದೇನೆ. ಅವಳು ಒರೆಸಿದ ಒದ್ದೆ ನೆಲದ ಮೇಲೆ ಕಾಲಿಟ್ಟು ಹೋಗಿದ್ದೇನೆ. ಅವಳು ತಲೆ ಎತ್ತುತ್ತಿರಲಿಲ್ಲ.

ಭಾನುವಾರ ಕಾಲೇಜು ಖಾಲಿ. ಅಮ್ಮ ತೊಳೆಯಲು ಬಂದಾಗ ನಾನೂ ಟೇಪು ಹಿಡಿದು ಬಂದೆ. ಪೈಪು ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಜಾರು ಸಾಲದು, ಎಲ್ಲಿ ಕಟ್ಟಿಕೊಳ್ಳುತ್ತದೆ, ಎಲ್ಲವೂ ಅವಳ ತೋಳಿಗೆ ಗೊತ್ತು. “ಇಲ್ಲಿ ಕೋಲು ಎರಡು ಮಾರು ನೆಟ್ಟಗೆ ಹೋಗುತ್ತೆ, ಆಮೇಲೆ ಎಡಕ್ಕೆ ಬಾಗುತ್ತೆ. ಮೂರನೇ ಗುಂಡಿಯ ಮುಚ್ಚಳ ಸಿಮೆಂಟಿನ ಕೆಳಗೆ ಹೂತುಹೋಗಿದೆ, ಯಾರಿಗೂ ಗೊತ್ತಿಲ್ಲ” ಅಂದಳು. ನಾನು ಬರೆದುಕೊಂಡೆ. “ಇದನ್ನೆಲ್ಲ ಬರೆದರೆ ನಂಬರು ಕೊಡ್ತಾರಾ?” ಎಂದು ಕೇಳಿದಳು. ಕೊಡ್ತಾರಮ್ಮ ಅಂದೆ. “ಅಯ್ಯೋ, ಹಾಗಿದ್ದರೆ ನನಗೆ ಎಷ್ಟು ಕೊಡಬೇಕಿತ್ತು” ಎಂದು ನಕ್ಕಳು. ಅಮ್ಮ ನಕ್ಕರೆ ಭುಜ ಕುಲುಕುತ್ತದೆ.

ಸೋಮವಾರ ಸಾಯಂಕಾಲ ಕ್ಲಾಸು ಬಿಟ್ಟ ಮೇಲೆ ಮೇಷ್ಟ್ರ ರೂಮಿಗೆ ಹೋದೆ. ಬೀಗ. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು. ನೆಲದಲ್ಲಿ ಧೂಳು. ಲಾಂಡ್ರಿಯಲ್ಲಿ ನಮಗೆ ಮೊದಲ ದಿನವೇ ಕಲಿಸುವ ಪಾಠ ಒಂದಿದೆ. ಒಗೆದ ಬಟ್ಟೆ ಬರಿ ನೆಲ ಮುಟ್ಟಬಾರದು, ಇಡಲೇಬೇಕಾದರೆ ಸುತ್ತಿ ಇಡು. ಕೈ ತನ್ನಷ್ಟಕ್ಕೆ ತಾನೇ ಆ ಕೆಲಸ ಮಾಡಿತು. ನಕ್ಷೆಯನ್ನು ಮಡಿಸಿ, ಚೀಲದಲ್ಲಿದ್ದ ಹಳೇ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಒಳಗೆ ತಳ್ಳಿದೆ. ನಿರಾಳವಾಗಿ ಮನೆಗೆ ಹೋದೆ.

ಈಗ ನಾನು ಎಲ್ಲಿಗೆ ಓಡಿದೆ ಎಂದು ನಿಮಗೆ ಗೊತ್ತಾಗಿರಬೇಕು. ಆಫೀಸಿನಿಂದ ಬೀಗದ ಕೈ ತಂದು ಮೇಷ್ಟ್ರ ರೂಮು ಬೆಳಿಗ್ಗೆ ಆರಕ್ಕೆ ಗುಡಿಸುವವಳು ಯಾರು?

ಅಮ್ಮ ಕಾಲೇಜಿನ ಹಿತ್ತಲಿನಲ್ಲಿ ಕಸ ಬೇರ್ಪಡಿಸುತ್ತ ಕೂತಿದ್ದಳು. ಹಸಿ ಒಂದು ಕಡೆ, ಕಾಗದ ಒಂದು ಕಡೆ. ನನ್ನನ್ನು ನೋಡಿದ್ದೇ ಗಾಬರಿಯಿಂದ ಸುತ್ತ ನೋಡಿದಳು. “ಯಾಕೆ ಬಂದೆ ಇಲ್ಲಿಗೆ? ಹೋಗು, ಹೋಗು!”

“ಗಡಿಯಾರ ಮೇಷ್ಟ್ರ ರೂಮಿನಲ್ಲಿ ನ್ಯೂಸ್‌ಪೇಪರಿನ ಕಟ್ಟು ಇತ್ತಾ?”

“ಇತ್ತು. ಬಾಗಿಲ ಹತ್ತಿರ. ಕಸಕ್ಕೆ ಹಾಕಿದೆ. ಯಾಕೆ?”

ಅವಳಿಗೆ ನನ್ನ ಮುಖ ನೋಡಿಯೇ ಅರ್ಥವಾಯಿತು. “ಅಯ್ಯಯ್ಯೋ” ಎಂದು ತಲೆ ಚಚ್ಚಿಕೊಂಡಳು. “ಸೂಪರ್‌ವೈಸರ್ ಹೇಳಿದ್ದು ಅದೇ ಕಣೇ. ಮೇಜಿನ ಮೇಲಿರೋದು ಚಿನ್ನ ಆಗಲಿ ಹೇಲಾಗಲಿ ಮುಟ್ಟಬೇಡ, ನೆಲದ ಮೇಲಿರೋದು ಏನೇ ಇದ್ದರೂ ಬಿಡಬೇಡ ಅಂತ. ನೆಲದ ಮೇಲೆ ಪೇಪರ್ ಬಿದ್ದಿತ್ತು, ಗುಡಿಸಿದೆ. ನಾನೇನು ಕಂಡೆ?”

ಅವಳು ಕಂಡದ್ದು ಕಸ. ನಾನು ಇಟ್ಟದ್ದು ನಕ್ಷೆ. ಇಬ್ಬರೂ ನಮ್ಮ ನಮ್ಮ ಕೆಲಸವನ್ನು ಕಲಿತ ಹಾಗೆಯೇ ಮಾಡಿದ್ದೆವು.

ಇಬ್ಬರೂ ಸೇರಿ ಚೀಲಗಳನ್ನು ಬುಡಮೇಲು ಮಾಡಿದೆವು. ನಾಲ್ಕನೇ ಚೀಲದಲ್ಲಿ ಸಿಕ್ಕಿತು. ನ್ಯೂಸ್‌ಪೇಪರ್ ಚಹಾದ ಚರಟದಲ್ಲಿ ನೆನೆದಿತ್ತು. ಒಳಗಿನ ನಕ್ಷೆಯ ಒಂದು ಮೂಲೆ ಮಾತ್ರ ಕಂದು ಬಣ್ಣ. ಗೆರೆಗಳೆಲ್ಲ ಹಾಗೆಯೇ ಇದ್ದವು. ಅಮ್ಮ ತನ್ನ ಸೆರಗಿನಿಂದ ಆ ಮೂಲೆಯನ್ನು ಒತ್ತಿ ಒತ್ತಿ ಒರೆಸಿದಳು. “ನಡಿ, ನಾನೇ ಬಂದು ಹೇಳ್ತೀನಿ” ಅಂದಳು.

ಮೇಷ್ಟ್ರು ರೂಮಿನಲ್ಲಿದ್ದರು. ಅಮ್ಮ ಹೊಸ್ತಿಲ ಹೊರಗೇ ನಿಂತಳು. ದಿನಾ ಆರು ಗಂಟೆಗೆ ಆ ರೂಮಿನ ಮೂಲೆ ಮೂಲೆಗೆ ಕೈ ಹಾಕಿ ಒರೆಸುವವಳು, ಅವರು ಒಳಗಿದ್ದಾಗ ಕಾಲಿಡಲು ಹೆದರಿದಳು. ನಾನು ಎಲ್ಲ ಹೇಳಿದೆ. ಮೇಷ್ಟ್ರು ನಕ್ಷೆ ಬಿಡಿಸಿದರು. ಸುಮಾರು ಹೊತ್ತು ನೋಡಿದರು. ಅವರ ಬೆರಳು ಮೂರನೇ ಮುಚ್ಚಳದ ಮೇಲೆ ನಿಂತಿತು.

“ಇಲ್ಲೊಂದು ಚೇಂಬರ್ ಇದೆಯಾ?”

“ಇದೆ ಸಾರ್. ಸಿಮೆಂಟಿನ ಕೆಳಗೆ.”

“ಯಾರು ಹೇಳಿದರು?”

“ನಮ್ಮಮ್ಮ.”

“ಯಾರು ನಿಮ್ಮಮ್ಮ?”

ನಾನು ಬಾಗಿಲ ಕಡೆ ಕೈ ತೋರಿಸಿದೆ. ಅಮ್ಮ ಹಲ್ಲು ಕಚ್ಚಿ ನನ್ನನ್ನು ನೋಡಿದಳು. ಮೇಷ್ಟ್ರು ಅವಳನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಅವರು ಅವಳ ಮುಖ ನೋಡಿದ್ದು ಅದೇ ಮೊದಲು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಅವರು ನಕ್ಷೆ ಮಡಿಸಿದರು. “ಚೆನ್ನಾಗಿದೆ” ಅಂದರು. ನನ್ನ ಎದೆ ಹಗುರಾಯಿತು. ಆಮೇಲೆ ಅಂದರು, “ಆದರೆ ನಿಯಮ ನಿಯಮವೇ. ಎಂಟೂವರೆಗೆ ನಕ್ಷೆ ನನ್ನ ರೂಮಿನಲ್ಲಿ ಇರಲಿಲ್ಲ. ಯಾರದ್ದಾದರೂ ತಪ್ಪು ಇರಲೇಬೇಕು. ನಿನ್ನದಲ್ಲದಿದ್ದರೆ ಇವಳದು. ಅಜಾಗರೂಕತೆಯಿಂದ ಕಾಲೇಜಿನ ದಾಖಲೆ ಕಸಕ್ಕೆ ಹಾಕಿದ್ದೇನೆ ಅಂತ ಇವಳು ಬರೆದುಕೊಡಲಿ. ಅದನ್ನು ಫೈಲಿಗೆ ಹಾಕಿ ನಿನ್ನ ಸೊನ್ನೆ ತೆಗೀತೀನಿ. ನಿನಗೂ ಅನ್ಯಾಯ ಆಗಲ್ಲ, ನಿಯಮಕ್ಕೂ ಅನ್ಯಾಯ ಆಗಲ್ಲ.”

“ಫೈಲಿಗೆ ಹಾಕಿದರೆ ಇವರ ಕೆಲಸ ಏನಾಗುತ್ತೆ ಸಾರ್?”

“ಅದು ಕಂಟ್ರಾಕ್ಟರಿಗೆ ಬಿಟ್ಟದ್ದು. ನನಗೆ ಸಂಬಂಧ ಇಲ್ಲ.”

ಬರವಣಿಗೆಯಲ್ಲಿ ಒಂದು ದೂರು ಬಂದರೆ ಗುಡಿಸುವವರನ್ನು ಕೂಲಿಗೆ ಒದಗಿಸುವ ಕಂಟ್ರಾಕ್ಟರು ಏನು ಮಾಡುತ್ತಾನೆ ಎಂದು ಕಾಲೇಜಿನ ಕಲ್ಲಿಗೂ ಗೊತ್ತು. ಹಿಂದಿನ ವರ್ಷ ಮೇಲಿನ ಮಹಡಿ ಗುಡಿಸುತ್ತಿದ್ದ ಅಜ್ಜಿಯನ್ನು ಒಂದು ಒಡೆದ ಹೂದಾನಿಗೆ ಮನೆಗೆ ಕಳಿಸಿದ್ದ.

ಅಮ್ಮ ಒಂದು ಹೆಜ್ಜೆ ಒಳಗಿಟ್ಟಳು. ಚಪ್ಪಲಿ ಹೊರಗೇ ಇತ್ತು. “ಹೆಬ್ಬೆಟ್ಟು ಎಲ್ಲಿ ಒತ್ತಲಿ ಸಾರ್?”

“ಅಮ್ಮಾ!”

“ನೀನು ಬಾಯಿ ಮುಚ್ಚು. ಎಲ್ಲಿ ಒತ್ತಲಿ ಹೇಳಿ ಸಾರ್.”

ಮೇಷ್ಟ್ರು ಒಂದು ಬಿಳಿ ಹಾಳೆ ನನ್ನ ಮುಂದೆ ಇಟ್ಟರು. “ಇವಳಿಗೆ ಬರೆಯಕ್ಕೆ ಬರಲ್ಲ. ನೀನೇ ಬರಿ. ನಿನ್ನ ಅಕ್ಷರ ಚೆನ್ನಾಗಿದೆ. ನಾನು ಹೇಳ್ತೀನಿ.”

ನನಗೆ ಅಕ್ಷರ ಕಲಿಸಲು ಅಮ್ಮ ಏನೇನು ಮಾಡಿದ್ದಾಳೆ ಎಂದು ಹೇಳಲು ಹೋಗುವುದಿಲ್ಲ. ಹೇಳಿದರೆ ಅಳು ಬರುತ್ತದೆ. ಅಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಪೆನ್ನು ಹಿಡಿದೆ. ನಿಜ ಹೇಳಬೇಕೆಂದರೆ, ಹಿಡಿದೆ. ಪರೀಕ್ಷೆ ಕಣ್ಣೆದುರಿಗಿತ್ತು. ರೋಲರಿನ ಬಾಯಿಯೂ ಕಣ್ಣೆದುರಿಗಿತ್ತು. ಅಮ್ಮನ ಕೆಲಸ ಹೋದರೆ ನಾನು ನಕ್ಷೆ ಬರೆದು ಸಾಕುತ್ತೇನೆ ಎಂದು ಲೆಕ್ಕ ಹಾಕಿದೆ. ಅಂಥ ಲೆಕ್ಕ ಎಷ್ಟು ಬೇಗ ಬರುತ್ತದೆ ನೋಡಿ. ಮೇಷ್ಟ್ರು ಹೇಳಿದರು, ನಾನು ಬರೆದೆ: “ಕಸ ಗುಡಿಸುವವಳಾದ ನಾನು, ನನ್ನ ಅಜಾಗರೂಕತೆಯಿಂದ...”

ಅಷ್ಟಕ್ಕೆ ಕೈ ನಿಂತಿತು. ಇನ್ನೊಂದು ಅಕ್ಷರ ಬರೆದಿದ್ದರೆ ಆ ಕೈಯನ್ನು ಆಮೇಲೆ ನಾನು ಯಾವ ನೀರಿನಲ್ಲಿ ತೊಳೆಯಬೇಕಿತ್ತು?

“ಮುಂದೆ ಬರಿ” ಅಂದರು ಮೇಷ್ಟ್ರು.

“ಬರೆಯಲ್ಲ ಸಾರ್.”

“ಏನು?”

“ಬರೆಯಲ್ಲ. ಇವರು ಅಜಾಗರೂಕರಲ್ಲ. ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದ್ದಾರೆ. ನಾನೂ ನೀವು ಹೇಳಿದ ಹಾಗೆ ನಕ್ಷೆ ರೂಮಿಗೆ ಹಾಕಿದ್ದೀನಿ, ಹದಿನೈದು ಗಂಟೆ ಮುಂಚೆ. ನಿಮ್ಮ ಪೆಟ್ಟಿಗೆ ಎಂಟು ಗಂಟೆಗೆ ಹೊರಗೆ ಬಂದದ್ದು. ತಡವಾಗಿದ್ದು ಪೆಟ್ಟಿಗೆ. ಅದಕ್ಕೆ ಸೊನ್ನೆ ಕೊಡಿ.”

ಅಮ್ಮ ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದಳು. “ತಲೆ ಕೆಟ್ಟಿದೆಯಾ ನಿನಗೆ? ಬರಿ! ಬರಿಯೇ!” ನಾನು ಹಾಳೆ ಹರಿದು ಚೂರು ಮಾಡಿದೆ. ಅಮ್ಮ ಗದ್ದಲ ಕೇಳಿ ಬಾಗಿಲಿಗೆ ಬಂದು ನಿಂತಿದ್ದ ಅಟೆಂಡರನ ಕಡೆ ತಿರುಗಿದಳು. “ಅಣ್ಣಾ, ನೀನಾದರೂ ಬರಕೊಡು, ಹೆಬ್ಬೆಟ್ಟು ಒತ್ತುತೀನಿ.” ಅಟೆಂಡರ್ ನೆಲ ನೋಡಿದ. “ನನಗೆ ಕಣ್ಣು ಸರಿ ಕಾಣಲ್ಲಕ್ಕಾ” ಅಂದ. ದಿನಾ ಅವನು ನ್ಯೂಸ್‌ಪೇಪರಿನ ಕೊನೆಯ ಸಾಲಿನವರೆಗೂ ಓದುವವನು.

ಮೇಷ್ಟ್ರೇ ಬರೆಯಬಹುದಿತ್ತು. ಬರೆಯಲಿಲ್ಲ. ತನ್ನ ಕೈಬರಹದಲ್ಲಿ ಅದು ಇರುವುದು ಅವರಿಗೂ ಬೇಕಿರಲಿಲ್ಲ. “ಶನಿವಾರ ಅಂತಿಮ ನಕ್ಷೆ ಕೊಡುವ ದಿನ. ಅಷ್ಟರೊಳಗೆ ಇವಳ ಹೇಳಿಕೆ ಬಂದರೆ ನಿನ್ನ ಹೆಸರು ಪಟ್ಟಿಯಲ್ಲಿರುತ್ತೆ. ಇಲ್ಲವಾದರೆ ಇಲ್ಲ” ಎಂದು ಕೈಗಡಿಯಾರ ನೋಡಿಕೊಂಡರು.

ಸುದ್ದಿ ಮಧ್ಯಾಹ್ನದೊಳಗೆ ಕಂಟ್ರಾಕ್ಟರನ ಕಡೆಯ ಸೂಪರ್‌ವೈಸರನ ಕಿವಿಗೆ ಬಿತ್ತು. ಬರವಣಿಗೆಗೆ ಅವನು ಕಾಯಲಿಲ್ಲ. “ಗಲಾಟೆ ತಣ್ಣಗಾಗೋವರೆಗೂ ಮನೇಲಿರಮ್ಮ” ಎಂದು ಅಮ್ಮನ ಕೈಯಿಂದ ಪೊರಕೆ ತೆಗೆದುಕೊಂಡ. ಮನೆಯಲ್ಲಿರು ಎಂದರೆ ಏನರ್ಥ ಎಂದು ಅಮ್ಮ ಕೇಳಲಿಲ್ಲ. ಕೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ನನ್ನ ಕೆನ್ನೆಗೆ ಬಾರಿಸಿದಳು. ಚಿಕ್ಕವಳಿದ್ದಾಗಲೂ ಅಷ್ಟು ಜೋರಾಗಿ ಹೊಡೆದಿರಲಿಲ್ಲ.

“ಒಂದು ಸಾಲು ಬರೆದಿದ್ದರೆ ನನ್ನದು ಒಂದು ಹೋಗ್ತಿತ್ತು. ಹೋಗಲಿ. ನಾನು ಇನ್ನೆಷ್ಟು ದಿನ ಗುಡಿಸ್ತಿದ್ದೆ? ಈಗ ನೋಡು, ನನ್ನದೂ ಹೋಯ್ತು ನಿನ್ನದೂ ಹೋಯ್ತು. ದೊಡ್ಡ ಮನುಷ್ಯಳು! ಏನು ಕಡಿದು ಕಟ್ಟೆ ಹಾಕಿದೆ?”

“ನೀನು ತಪ್ಪು ಮಾಡಿಲ್ಲ.”

“ತಪ್ಪು ಮಾಡಿಲ್ಲ ಅಂತ ನನಗೆ ಗೊತ್ತಿಲ್ವಾ? ಗೊತ್ತಿರೋದನ್ನ ಇಟ್ಟುಕೊಂಡು ಉಪ್ಪಿನಕಾಯಿ ಹಾಕ್ಲಾ?”

ಅವಳು ಹೇಳುತ್ತಿದ್ದುದು ಸರಿಯಾಗಿಯೇ ಇತ್ತು. ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ಸದ್ದು ಮಾಡಿ ಇಡುತ್ತಿದ್ದಳು. ಬೆಳಿಗ್ಗೆ ಅಭ್ಯಾಸಬಲದಿಂದ ಐದೂವರೆಗೇ ಸೀರೆ ಉಟ್ಟು ತಯಾರಾಗಿ, ಹೋಗಲು ಜಾಗವಿಲ್ಲದೆ ನಮ್ಮ ಒಂದು ಕೋಣೆಯ ಮನೆಯನ್ನೇ ಎರಡೆರಡು ಸಲ ಗುಡಿಸುತ್ತಿದ್ದಳಂತೆ. ಪಕ್ಕದ ಮನೆಯ ಅಕ್ಕ ಹೇಳಿದಳು.

ಆ ಮೂರು ದಿನ ನಾನು ಪ್ರಿನ್ಸಿಪಾಲರ ಬಾಗಿಲಲ್ಲಿ ನಿಂತೆ. ವಿಷಯ ಮೇಷ್ಟ್ರಿಗೆ ಬಿಟ್ಟದ್ದು ಅಂದರು. ಕ್ಲಾಸಿನವರನ್ನು ಕೇಳಿದೆ, ನನ್ನ ಅರ್ಜಿಗೆ ಸಹಿ ಹಾಕಿ ಅಂದೆ. ಒಬ್ಬೊಬ್ಬರಿಗೂ ಒಂದೊಂದು ನೆಪ. ಕನ್ನಡಕದ ಹುಡುಗಿ ಮಾತ್ರ ನೇರವಾಗಿ ಹೇಳಿದಳು. “ನನಗೆ ಭಯ ಆಗುತ್ತೆ ಕಣೇ. ನನಗೂ ಸೊನ್ನೆ ಹಾಕಿಬಿಟ್ಟರೆ?” ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಭಯ ಎಂದು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ.

ಅಂತಿಮ ನಕ್ಷೆಯನ್ನು ಮಾತ್ರ ಬರೆದು ಮುಗಿಸಿದೆ. ಯಾಕೆ ಬರೆದೆ ಎಂದು ಕೇಳಿದರೆ ಗೊತ್ತಿಲ್ಲ. ಅರ್ಧಕ್ಕೆ ಬಿಟ್ಟರೆ ಅವರು ಗೆದ್ದ ಹಾಗೆ ಅನ್ನಿಸಿತು.

ಶನಿವಾರ ಲಾಂಡ್ರಿಗೆ ಹೋಗಲಿಲ್ಲ. ರಜೆ ಕೇಳಿದ್ದೆ, ಇಲ್ಲ ಎಂದಿದ್ದರು. ಇಲ್ಲ ಎಂದರೂ ಹೋಗಲಿಲ್ಲ, ಮೂರು ವರ್ಷದಲ್ಲಿ ಮೊದಲ ಸಲ. ನಕ್ಷೆ ಮಡಿಸಿ ಚೀಲಕ್ಕೆ ಹಾಕುತ್ತಿದ್ದಾಗ ಅಮ್ಮ ಬೆನ್ನ ಹಿಂದೆ ನಿಂತಿದ್ದಳು.

“ತಗೋತಾರಾ?”

“ಇಲ್ಲ.”

“ಮತ್ತೆ ಯಾಕೆ ಹೋಗ್ತೀಯ?”

“ಕೊಡಕ್ಕೆ.”

ಅಮ್ಮ ನನ್ನ ಜಡೆ ಹಿಡಿದು ಎಳೆದು ಕೂರಿಸಿ, ಬಿಚ್ಚಿ, ಮತ್ತೆ ಬಿಗಿಯಾಗಿ ಹೆಣೆದಳು. ನೋವಾಗುವಷ್ಟು ಬಿಗಿಯಾಗಿ. “ಹೋಗೋದೇ ಆದರೆ ಎಲ್ಲರಿಗಿಂತ ಮುಂಚೆ ಹೋಗಿ ಮುಂದೆ ನಿಲ್ಲು. ಹಿಂದೆ ಮೂಲೇಲಿ ನಿಂತು ನಾನು ನೋಡಿದ್ದೀನಿ. ಯಾರಿಗೂ ಕಾಣಲ್ಲ” ಅಂದಳು.

ಏಳು ಗಂಟೆಗೆ ನಾನು ಮೇಷ್ಟ್ರ ರೂಮಿನ ಮುಂದಿದ್ದೆ. ಆ ಜಾಗ ಇಕ್ಕಟ್ಟು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಮೆಟ್ಟಿಲ ಕಂಬಿ, ಒಬ್ಬರ ಹಿಂದೆ ಒಬ್ಬರೇ ನಿಲ್ಲಬೇಕು. ಎಂಟಕ್ಕೆ ಅಟೆಂಡರ್ ಪೆಟ್ಟಿಗೆ ತಂದು ಸ್ಟೂಲಿನ ಮೇಲಿಟ್ಟ. ನನ್ನನ್ನು ನೋಡಿದ. ರಿಜಿಸ್ಟರು ತೆಗೆದೆ. ನನ್ನ ನಂಬರಿನ ಸಾಲಿನಲ್ಲಿ ಕೆಂಪು ಗೆರೆ. ಗೆರೆಯ ಮೇಲೆಯೇ ಸಹಿ ಮಾಡಿದೆ.

ನಕ್ಷೆಯನ್ನು ಪೆಟ್ಟಿಗೆಯ ಬಾಯಿಗೆ ಹಿಡಿಯುವುದಕ್ಕೂ ಮೇಷ್ಟ್ರು ಬಾಗಿಲು ತೆಗೆದು ಹೊರಗೆ ಬರುವುದಕ್ಕೂ ಸರಿಹೋಯಿತು. ಅವರು ಕೈ ಚಾಚಿ ಪೆಟ್ಟಿಗೆಯ ಬಾಯಿ ಮುಚ್ಚಿದರು. ಅಷ್ಟು ಬೇಗ ಆ ಕೈ ಅಲ್ಲಿಗೆ ಬಂದದ್ದನ್ನು ನಾವ್ಯಾರೂ ನೋಡಿರಲಿಲ್ಲ.

“ನಿನ್ನ ಹೆಸರು ಪಟ್ಟಿಯಲ್ಲಿಲ್ಲ. ಹೇಳಿಕೆ ತಂದಿದ್ದೀಯಾ?”

“ಇಲ್ಲ ಸಾರ್.”

“ಪಕ್ಕಕ್ಕೆ ಸರಿ.”

“ಸರಿಯಲ್ಲ ಸಾರ್.”

ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಮೆಟ್ಟಿಲಿಳಿದು ಕೆಳಗಿನವರೆಗೂ ಹೋಗಿತ್ತು. ಮೇಷ್ಟ್ರು ಅಟೆಂಡರನ್ನು ಕರೆದರು, ಇವಳನ್ನು ಆಚೆ ಕಳಿಸು ಅಂದರು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ಹೆಣ್ಣುಮಗಳು ಸಾರ್, ಮೈ ಮುಟ್ಟಕ್ಕಾಗಲ್ಲ” ಅಂದ.

ನಾನು ನಕ್ಷೆಯ ಅಂಚನ್ನು ಅವರ ಬೆರಳಿಗೆ ತಾಗಿಸಿಯೇ ಹಿಡಿದಿದ್ದೆ. ಅವರು ಕೈ ತೆಗೆದರೆ ಮೊದಲು ಒಳಗೆ ಬೀಳುವುದು ನನ್ನದು. ತೆಗೆಯದಿದ್ದರೆ ಯಾರದ್ದೂ ಬೀಳುವುದಿಲ್ಲ. ಇದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಹಾಗೆಂದು ಲೆಕ್ಕ ಹಾಕಿ ಬಂದಿರಲಿಲ್ಲ. ಅಮ್ಮ ಮುಂದೆ ನಿಲ್ಲು ಅಂದಳು, ನಿಂತೆ.

ಎಂಟೂ ಹತ್ತು. ಎಂಟೂ ಹದಿನೈದು. ಹಿಂದಿನಿಂದ ಕೂಗಾಟ ಶುರುವಾಯಿತು. “ಏಯ್, ಸರಿಯೇ ಆಚೆ!” “ನಿನ್ನ ದೆಸೆಯಿಂದ ನಮಗೆಲ್ಲ ಗ್ರಹಚಾರ!” ಯಾರೋ ತಳ್ಳಿದರು. ಸ್ಟೂಲಿನ ಅಂಚು ಹೊಟ್ಟೆಗೆ ಒತ್ತಿತು. ಸುಟ್ಟ ಅಂಗೈ ಬೆವೆತು ಉರಿಯುತ್ತಿತ್ತು. ನಾನು ಅವರ ಕೈಯನ್ನೇ ನೋಡುತ್ತ ನಿಂತೆ. ಶುಭ್ರವಾದ ಕೈ. ಉಗುರು ಸಮವಾಗಿ ಕತ್ತರಿಸಿತ್ತು. ಒಂದು ಕಾಲದಲ್ಲಿ ಲೋಟ ತೊಳೆದ ಕೈ.

“ಸಾರ್,” ಎಂದೆ ಮೆಲ್ಲಗೆ, ಅವರಿಗೆ ಮಾತ್ರ ಕೇಳುವ ಹಾಗೆ, “ಕೈ ತೆಗೀರಿ ಸಾರ್. ಇಷ್ಟೇ.”

ಅವರು ಕೈ ತೆಗೆಯಲಿಲ್ಲ.

ಎಂಟೂ ಇಪ್ಪತ್ತೈದಕ್ಕೆ ಕೂಗಾಟ ತಾನಾಗಿಯೇ ಇಳಿಯಿತು. ಎಲ್ಲರೂ ಗೋಡೆಯ ಗಡಿಯಾರ ನೋಡುತ್ತಿದ್ದರು. ಸುಮ್ಮನೆ ನಿಂತವರ ಎದುರು ಹೊತ್ತು ಹೇಗೆ ಹೋಗುತ್ತದೆ ಎಂದು ಅವರಿಗೆ ಅದೇ ಮೊದಲ ಸಲ ಕಾಣುತ್ತಿತ್ತು ಅನ್ನಿಸುತ್ತದೆ. ಎರಡು ವರ್ಷದಲ್ಲಿ ಒಂದೇ ಒಂದು ದಿನ ತಡ ಮಾಡದವರೆಲ್ಲ ಆ ಸಾಲಿನಲ್ಲಿದ್ದರು. ರಾತ್ರಿ ನಿದ್ದೆಗೆಟ್ಟು ಬರೆದ ನಕ್ಷೆ ಕೈಯಲ್ಲೇ ಇತ್ತು. ಪೆಟ್ಟಿಗೆ ಎದುರಿಗೇ ಇತ್ತು.

ಎಂಟೂವರೆ ಆಯಿತು. ಮೂವತ್ತೊಂದು. ಮೂವತ್ತೆರಡು. ಮೇಷ್ಟ್ರ ಹಣೆಯಲ್ಲಿ ಬೆವರು ಮೂಡಿತ್ತು. ಅವರು ಪೆಟ್ಟಿಗೆಗೆ ಬೀಗ ಹಾಕಬೇಕಿತ್ತು. ಒಳಗೆ ಒಂದು ಹಾಳೆಯೂ ಇರಲಿಲ್ಲ.

ನನ್ನ ಹಿಂದೆಯೇ ನಿಂತಿದ್ದವಳು ಕನ್ನಡಕದ ಹುಡುಗಿ. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅವಳು ನನ್ನ ಭುಜದ ಮೇಲಿಂದ ಕತ್ತು ಚಾಚಿ ಕೇಳಿದಳು. ಕೊನೆಯ ಮೆಟ್ಟಿಲಿನವರಿಗೂ ಕೇಳಿಸಿತು.

“ಸಾರ್, ಈಗ ನಮಗೂ ಸೊನ್ನೆನಾ?”

ಮೇಷ್ಟ್ರು ಗಡಿಯಾರದ ಕಡೆ ನೋಡಿದರು. ಅವಳ ಕಡೆ ನೋಡಿದರು. ಸಾಲಿನ ಕಡೆ ನೋಡಿದರು.

“ಹೇಳಿ ಸಾರ್” ಅಂದೆ ನಾನು.